ಕಾರ್ ಲಾಕ್ ಆಯ್ತು, ಕನ್ನಡಿ ಮಡಚಲಿಲ್ಲ: ತೊಂದರೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ಕಾರ್ ನಿಲ್ಲಿಸಿ, ಕೀ ಒತ್ತಿ, ಹತ್ತು ಹೆಜ್ಜೆ ನಡೆದ ಮೇಲೆ ಒಮ್ಮೆ ಹಿಂತಿರುಗಿ ನೋಡುವ ಅಭ್ಯಾಸ ಬಹಳ ಜನರಿಗಿದೆ. ಎರಡೂ ಕನ್ನಡಿ ಒಳಕ್ಕೆ ಮಡಚಿಕೊಂಡಿದ್ದರೆ ‘ಲಾಕ್ ಆಗಿದೆ’ ಎಂಬ ಸಮಾಧಾನ. ಒಂದು ದಿನ ನೋಡಿದರೆ ಎಡಗಡೆಯದು ಮಡಚಿದೆ, ಬಲಗಡೆಯದು ಕೈ ಚಾಚಿಕೊಂಡು ಹಾಗೇ ನಿಂತಿದೆ. ಇಲ್ಲವೇ ಎರಡೂ ಕದಲಿಲ್ಲ. ಮತ್ತೆ ಲಾಕ್, ಮತ್ತೆ ಅನ್‌ಲಾಕ್. ಊಹೂಂ.

ಅಲ್ಲಿಂದ ನೇರ ಗ್ಯಾರೇಜಿಗೆ ಹೋದರೆ ‘ಮೋಟರ್ ಹೋಗಿದೆ, ಪೂರ್ತಿ ಕನ್ನಡಿ ಬದಲಿಸಬೇಕು’ ಎಂಬ ಮಾತು ಬೇಗ ಬರುತ್ತದೆ. ಮೋಟರ್ ಹೋಗಿರಬಹುದು, ಹೋಗದೆಯೂ ಇರಬಹುದು. ಬಟನ್ ಒತ್ತುವುದಕ್ಕೂ ಕನ್ನಡಿ ಮಡಚುವುದಕ್ಕೂ ನಡುವೆ ಐದಾರು ಕೊಂಡಿಗಳಿವೆ. ತಪ್ಪಿರುವುದು ಯಾವ ಕೊಂಡಿ ಎಂಬುದನ್ನು ಪಾನಾ ಹಿಡಿಯದೆಯೇ, ಕಣ್ಣು ಮತ್ತು ಕಿವಿಯಿಂದಲೇ ಸಾಕಷ್ಟು ಮಟ್ಟಿಗೆ ಪತ್ತೆ ಮಾಡಬಹುದು.

ಮೊದಲು ಇದು: ಕಾರ್ ಲಾಕ್ ಆಗಿದೆಯೇ?

ಬಾಗಿಲಿನ ಬೀಗ ಬೇರೆ ಮೋಟರ್, ಕನ್ನಡಿಯದು ಬೇರೆ. ಕನ್ನಡಿ ಮಡಚದಿದ್ದರೂ ಬಾಗಿಲು ಲಾಕ್ ಆಗಿರಬಹುದು. ಹಿಡಿಕೆ ಎಳೆದು ನೋಡುವುದೇ ಸರಿಯಾದ ಪರೀಕ್ಷೆ. ಆದರೆ ಜೇಬಿನಲ್ಲಿ ಸ್ಮಾರ್ಟ್ ಕೀ ಇದ್ದರೆ, ಎಷ್ಟೋ ಕಾರುಗಳು ಕೈ ತಾಗಿದ ಕೂಡಲೇ ‘ಯಜಮಾನರು ಬಂದರು’ ಎಂದು ಬಾಗಿಲು ತೆರೆದುಬಿಡುತ್ತವೆ. ನೋಡುವವರಿಗೆ ಲಾಕೇ ಆಗಿಲ್ಲ ಎನಿಸುತ್ತದೆ. ಕೀಯನ್ನು ಜೊತೆಯಲ್ಲಿದ್ದವರ ಕೈಗೆ ಕೊಟ್ಟು, ಅವರನ್ನು ದೂರ ನಿಲ್ಲಿಸಿ, ಆಮೇಲೆ ಎಳೆದು ನೋಡಿ.

ಇದಕ್ಕೆ ತಿರುಗಾಮುರುಗಾ ಆಗಿಯೂ ಯೋಚಿಸಬೇಕು. ಒಂದು ಬಾಗಿಲು ಸರಿಯಾಗಿ ಮುಚ್ಚಿಕೊಂಡಿಲ್ಲ, ಡಿಕ್ಕಿ ಅರ್ಧ ಕೂತಿದೆ, ಎರಡನೇ ಕೀ ಒಳಗೇ ಉಳಿದಿದೆ, ಇಗ್ನಿಷನ್ ಆಫ್ ಆಗಿಲ್ಲ. ಇಂಥ ಸಂದರ್ಭಗಳಲ್ಲಿ ಅನೇಕ ಕಾರುಗಳು ಲಾಕ್ ಆಜ್ಞೆಯನ್ನೇ ಒಪ್ಪುವುದಿಲ್ಲ. ಲಾಕ್ ಆಗದಿದ್ದಾಗ ಕನ್ನಡಿ ಮಡಚದಿರುವುದು ಕನ್ನಡಿಯ ತಪ್ಪಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ತೆರೆದಿರುವ ಚಿಹ್ನೆ ಉರಿಯುತ್ತಿದೆಯೇ ಎಂದು ಒಮ್ಮೆ ನೋಡಿಬಿಡಿ.

ಮಡಚುವುದು ಬೇರೆ, ತಾನಾಗಿ ಮಡಚುವುದು ಬೇರೆ

ಗೊಂದಲ ಹೆಚ್ಚು ಹುಟ್ಟುವುದು ಇಲ್ಲೇ. ಕಾರಿನೊಳಗಿನ ಬಟನ್ ಒತ್ತಿದಾಗ ಕನ್ನಡಿ ಮಡಚಿದರೆ ಅದು ವಿದ್ಯುತ್ ಮಡಚುವಿಕೆ, ಅಂದರೆ ಪವರ್ ಫೋಲ್ಡ್. ಲಾಕ್ ಮಾಡಿದಾಗ ಬಟನ್ ಮುಟ್ಟದೆಯೇ ಮಡಚಿದರೆ ಅದು ಆಟೋ ಫೋಲ್ಡ್. ಎರಡಕ್ಕೂ ಮೋಟರ್ ಒಂದೇ. ಅಪ್ಪಣೆ ಕೊಡುವವರು ಬೇರೆ. ಮೊದಲನೆಯದರಲ್ಲಿ ಅಪ್ಪಣೆ ನಿಮ್ಮ ಬೆರಳಿನಿಂದ ಹೋಗುತ್ತದೆ. ಎರಡನೆಯದರಲ್ಲಿ ಕಾರಿನ ಪುಟ್ಟ ಕಂಪ್ಯೂಟರಿನಿಂದ. ಅದರ ಹೆಸರು ಬಾಡಿ ಕಂಟ್ರೋಲ್ ಮಾಡ್ಯೂಲ್, ಮೆಕ್ಯಾನಿಕ್‌ಗಳ ಬಾಯಲ್ಲಿ ಬಿಸಿಎಂ. ಬಾಗಿಲ ಲಾಕ್, ಕಿಟಕಿ, ಒಳಗಿನ ದೀಪ, ಇಂಡಿಕೇಟರ್ ಇಂಥವನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿ ಎಂದಿಟ್ಟುಕೊಳ್ಳಿ.

ಕಾರಿನಲ್ಲಿ ಕುಳಿತು ಬಟನ್ ಒತ್ತಿ. ಎರಡೂ ಕನ್ನಡಿ ಸರಾಗವಾಗಿ ಮಡಚಿ ತೆರೆದವೇ? ಹಾಗಿದ್ದರೆ ಮೋಟರ್, ವೈರ್, ಫ್ಯೂಸ್ ಎಲ್ಲ ಸರಿಯಿವೆ. ತಪ್ಪು ಇರುವುದು ಅಪ್ಪಣೆಯಲ್ಲಿ. ಇಲ್ಲಿ ಮೋಟರ್ ಬದಲಿಸುವುದೆಂದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ.

ಅಪ್ಪಣೆ ತಪ್ಪುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಪುಟ್ಟವು. ಕೆಲವು ಕಾರುಗಳಲ್ಲಿ ಕನ್ನಡಿಯ ಸ್ವಿಚ್ಚಿಗೆ ಮೂರು ಸ್ಥಾನ: ಮಡಚು, ತೆರೆ, ನಡುವೆ ಆಟೋ. ಸ್ವಿಚ್ ‘ತೆರೆ’ ಎಂಬಲ್ಲೇ ನಿಂತಿದ್ದರೆ ಕಾರ್ ಅದನ್ನೇ ನಿಮ್ಮ ಇಷ್ಟ ಎಂದುಕೊಂಡು ಸುಮ್ಮನಿರುತ್ತದೆ. ಕಾರ್ ಒರೆಸುವಾಗ ಬಟ್ಟೆಯ ತುದಿ ತಾಗಿಯೂ ಅದು ಸರಿದಿರಬಹುದು. ಇನ್ನು ಕೆಲವು ಕಾರುಗಳಲ್ಲಿ ಟಚ್‌ಸ್ಕ್ರೀನಿನ ‘ವೆಹಿಕಲ್ ಸೆಟ್ಟಿಂಗ್ಸ್’ ಒಳಗೆ ಆಟೋ ಫೋಲ್ಡ್‌ಗೆ ಒಂದು ಟಿಕ್ ಇರುತ್ತದೆ. ಸಾಫ್ಟ್‌ವೇರ್ ಅಪ್‌ಡೇಟ್, ಬ್ಯಾಟರಿ ಬದಲಾವಣೆ ಅಥವಾ ‘ಫ್ಯಾಕ್ಟರಿ ರಿಸೆಟ್’ ಆದ ಮೇಲೆ ಆ ಟಿಕ್ ಅಳಿಸಿಹೋಗಿರುವ ಸಾಧ್ಯತೆಯಿದೆ. ಇನ್ನೂ ಕೆಲವು ಕಾರುಗಳು ಕೀಯ ಲಾಕ್ ಬಟನ್ ಒಂದು ಕ್ಷಣ ಒತ್ತಿ ಹಿಡಿದರೆ ಮಾತ್ರ ಕನ್ನಡಿ ಮಡಚುತ್ತವೆ, ಸುಮ್ಮನೆ ಒತ್ತಿಬಿಟ್ಟರೆ ಬೀಗ ಮಾತ್ರ. ಹೊಸ ಕಾರಿನ ಎಷ್ಟೋ ‘ದೋಷ’ಗಳು ಇಲ್ಲಿಗೇ ಮುಗಿಯುತ್ತವೆ.

ಇನ್ನೂ ಒಂದು ಮಾತು. ಎಲ್ಲ ಪವರ್ ಫೋಲ್ಡ್ ಕಾರಿನಲ್ಲೂ ಆಟೋ ಫೋಲ್ಡ್ ಇರುವುದಿಲ್ಲ. ಒಂದೇ ಮಾದರಿಯ ಒಂದು ವೇರಿಯಂಟ್‌ನಲ್ಲಿದ್ದು ಕೆಳಗಿನದರಲ್ಲಿ ಇಲ್ಲದಿರಬಹುದು. ಗೆಳೆಯರ ಕಾರಿನಲ್ಲಿ ಮಡಚುತ್ತದೆ ಎಂದ ಮಾತ್ರಕ್ಕೆ ನಿಮ್ಮದೂ ಮಡಚಬೇಕೆಂದಿಲ್ಲ. ಓನರ್ಸ್ ಮ್ಯಾನುಯಲ್ ತೆರೆದರೆ ಸಂಶಯ ಅಲ್ಲೇ ಬಗೆಹರಿಯುತ್ತದೆ.

ಕನ್ನಡಿಯ ಹೊಟ್ಟೆಯೊಳಗೆ

ವಿದ್ಯುತ್ತಿನಿಂದ ಮಡಚುವ ಕನ್ನಡಿ ಹೊಸದೇನಲ್ಲ. 1984ರಲ್ಲೇ ಜಪಾನಿನ ನಿಸಾನ್ ಲಾರೆಲ್ ಕಾರಿನಲ್ಲಿ ಅದು ಬಂದಿತ್ತು. ತಮಾಷೆಯೆಂದರೆ ಅದರ ಹಿಂದಿನ ವರ್ಷದವರೆಗೆ ಜಪಾನಿನಲ್ಲಿ ಬಾಗಿಲ ಮೇಲೆ ಕನ್ನಡಿ ಇಡುವಂತೆಯೇ ಇರಲಿಲ್ಲ. ಮುಂದಿನ ಫೆಂಡರ್, ಅಂದರೆ ಮುಂಚಕ್ರದ ಮೇಲಿನ ತಗಡಿನ ಮೇಲೆ ಕೊಂಬಿನಂತೆ ನಿಲ್ಲಿಸಬೇಕಿತ್ತು. 1983ರಲ್ಲಿ ಆ ನಿಯಮ ಸಡಿಲವಾಯಿತು, ಕನ್ನಡಿ ಬಾಗಿಲಿಗೆ ಬಂತು, ಬಂದದ್ದೇ ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ಅಡ್ಡವೂ ಆಯಿತು.

ಒಳಗಿನ ರಚನೆ ಅಂದಿನಿಂದ ಮೂಲತಃ ಅದೇ. ಹೆಬ್ಬೆರಳಿನಷ್ಟು ಗಾತ್ರದ ಡಿಸಿ ಮೋಟರ್. ಅದರ ತುದಿಯಲ್ಲಿ ಸ್ಕ್ರೂ ಥರದ ವರ್ಮ್ ಗೇರ್. ಅದಕ್ಕೆ ಹಲ್ಲು ಕಚ್ಚಿಕೊಂಡ, ಹೆಚ್ಚಾಗಿ ಪ್ಲಾಸ್ಟಿಕ್ಕಿನ, ಕೆಲವು ಚಕ್ರಗಳು. ಕೊನೆಗೆ ಕನ್ನಡಿ ತಿರುಗುವ ಕಂಬ. ಆ ಕಂಬದ ಸುತ್ತ ಗಟ್ಟಿಯಾದ ಒಂದು ಸ್ಪ್ರಿಂಗ್.

ಮೋಟರ್ ವೇಗವಾಗಿ ಸುತ್ತುತ್ತದೆ, ಆದರೆ ಬಲ ಕಡಿಮೆ. ಗೇರುಗಳು ಆ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತವೆ. ವರ್ಮ್ ಗೇರಿಗೆ ಒಂದು ವಿಶೇಷ ಗುಣವಿದೆ: ಅದು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಅದನ್ನು ತಿರುಗಿಸಲಾರದು. ನಟ್ಟು ಬೋಲ್ಟು ನೆನಪಿಸಿಕೊಳ್ಳಿ. ಬೋಲ್ಟ್ ತಿರುಗಿಸಿದರೆ ನಟ್ಟು ಮೇಲೆ ಕೆಳಗೆ ಸರಿಯುತ್ತದೆ. ನಟ್ಟನ್ನು ಹಿಡಿದು ಎಷ್ಟು ಎಳೆದರೂ ಬೋಲ್ಟ್ ತಿರುಗುವುದಿಲ್ಲ. ಈ ಗುಣ ಇರುವುದರಿಂದಲೇ ಹೆದ್ದಾರಿಯ ಗಾಳಿಗೆ ಕನ್ನಡಿ ಹಿಂದಕ್ಕೆ ವಾಲುವುದಿಲ್ಲ.

ಹಾಗಾದರೆ ಕೈಯಿಂದ ಮಡಚಿದಾಗ ಅಥವಾ ಯಾರಾದರೂ ಭುಜ ತಾಗಿಸಿ ಹೋದಾಗ ಗೇರುಗಳು ಮುರಿದುಹೋಗಬೇಕಲ್ಲ? ಹೋಗುವುದಿಲ್ಲ. ಕಂಬ ಮತ್ತು ಗೇರಿನ ನಡುವೆ ಕ್ಲಚ್ ಥರದ ಒಂದು ಜೋಡಣೆಯಿದೆ: ಒಂದು ಬಿಲ್ಲೆಯ ಉಬ್ಬುಗಳು ಇನ್ನೊಂದರ ತಗ್ಗುಗಳಲ್ಲಿ ಕೂತಿರುತ್ತವೆ, ಸ್ಪ್ರಿಂಗ್ ಅವನ್ನು ಒತ್ತಿ ಹಿಡಿದಿರುತ್ತದೆ. ಹೊರಗಿನಿಂದ ಬಲವಾಗಿ ತಳ್ಳಿದರೆ ಉಬ್ಬು ತಗ್ಗಿನಿಂದ ಜಾರಿ ಹೊರಬರುತ್ತದೆ, ಕನ್ನಡಿ ಬಾಗುತ್ತದೆ, ಗೇರು ಉಳಿಯುತ್ತದೆ. ಇದು ಕಾರಿನ ಮೇಲಿನ ಕರುಣೆಯಿಂದ ಮಾತ್ರ ಇಟ್ಟದ್ದಲ್ಲ. ಪಾದಚಾರಿಗೆ ತಾಗಿದಾಗ ಕನ್ನಡಿ ಬಾಗಿಕೊಡಬೇಕು ಎಂಬ ಕಾರಣವೂ ಇದೆ. ವಾಹನ ಕನ್ನಡಿಗಳ ಕುರಿತಾದ ವಿಶ್ವಸಂಸ್ಥೆಯ 46ನೇ ನಿಯಮದಲ್ಲಿ ಲೋಲಕವೊಂದನ್ನು ಕನ್ನಡಿಗೆ ಬಡಿಸಿ ನೋಡುವ ಪರೀಕ್ಷೆಯೇ ಇದೆ.

ನಿಲ್ಲಬೇಕೆಂದು ಮೋಟರಿಗೆ ಗೊತ್ತಾಗುವುದು ಹೇಗೆ?

ಈ ಪ್ರಶ್ನೆಯ ಉತ್ತರ ಗೊತ್ತಿದ್ದರೆ ಅರ್ಧ ತೊಂದರೆಗಳ ಮೂಲ ತಾನಾಗಿ ಹೊಳೆಯುತ್ತದೆ.

ಅನೇಕ ಕನ್ನಡಿಗಳಲ್ಲಿ ‘ಪೂರ್ತಿ ಮಡಚಿತು’ ಎಂದು ಹೇಳುವ ಪ್ರತ್ಯೇಕ ಸೆನ್ಸರ್ ಇಲ್ಲ. ಕನ್ನಡಿ ಕೊನೆ ಮುಟ್ಟಿದಾಗ ಒಳಗಿನ ಒಂದು ಗಟ್ಟಿ ತಡೆಗೆ ಬಡಿಯುತ್ತದೆ. ಮೋಟರ್ ಮುಂದೆ ಸುತ್ತಲಾರದೆ ತಿಣುಕುತ್ತದೆ. ತಿಣುಕುವ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಆ ಏರಿಕೆಯನ್ನು ಗುರುತಿಸಿದ ಸರ್ಕ್ಯೂಟ್ ‘ಮುಟ್ಟಿತು’ ಎಂದು ವಿದ್ಯುತ್ ಕಡಿಯುತ್ತದೆ. ಕತ್ತಲ ಕೋಣೆಯಲ್ಲಿ ಕೈಗಾಡಿ ತಳ್ಳಿಕೊಂಡು ಹೋಗುವವನಿಗೆ ಗೋಡೆ ಬಂತೆಂದು ಗೊತ್ತಾಗುವುದೂ ಹೀಗೆಯೇ, ಗಾಡಿ ಮುಂದೆ ಹೋಗದಿದ್ದಾಗ.

ಈಗ ಯೋಚಿಸಿ. ಕಂಬದ ಸಂದಿಯಲ್ಲಿ ಮಣ್ಣು, ತುಕ್ಕು ಅಥವಾ ಹಿಮ ತುಂಬಿ ಅರ್ಧ ದಾರಿಯಲ್ಲೇ ಬಿಗಿಯಾದರೆ? ಮೋಟರ್ ತಿಣುಕುತ್ತದೆ, ಸರ್ಕ್ಯೂಟ್ ಗೋಡೆ ಬಂತೆಂದುಕೊಳ್ಳುತ್ತದೆ, ಕನ್ನಡಿ ಅರ್ಧಕ್ಕೆ ನಿಲ್ಲುತ್ತದೆ. ಗೇರಿನ ಹಲ್ಲು ಮುರಿದು ಮೋಟರ್ ಹಗುರಾಗಿ ಸುತ್ತುತ್ತಿದ್ದರೆ? ಗೋಡೆ ಬರುವುದೇ ಇಲ್ಲ. ಸಮಯ ಮುಗಿದು ವಿದ್ಯುತ್ ಕಡಿತವಾಗುವವರೆಗೆ ಮೋಟರ್ ಗುಂಯ್ ಎನ್ನುತ್ತಲೇ ಇರುತ್ತದೆ. ಒಂದೇ ಸರ್ಕ್ಯೂಟ್, ಎರಡು ಬೇರೆ ಬೇರೆ ಲಕ್ಷಣ.

ಮಕ್ಕಳು ಆಟಕ್ಕೆಂದು ಹತ್ತು ಸಲ ಮಡಚಿ ತೆರೆದಾಗ ಕನ್ನಡಿ ಮುಷ್ಕರ ಹೂಡುವುದೂ ಇದರ ನೆಂಟನೇ. ಮೋಟರ್ ಬಿಸಿಯಾದರೆ ಸುಟ್ಟುಹೋಗದಂತೆ ಕಾಪಾಡುವ ವ್ಯವಸ್ಥೆ ಬಹಳಷ್ಟು ಕಾರುಗಳಲ್ಲಿದೆ. ಕೆಲ ನಿಮಿಷ ಸುಮ್ಮನೆ ಬಿಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕಿವಿಗೊಡಿ: ಒಂದೋ ಎರಡೋ, ಸದ್ದೋ ಮೌನವೋ

ಎಂಜಿನ್, ರೇಡಿಯೊ, ಫ್ಯಾನ್ ಎಲ್ಲ ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಕಿಟಕಿ ಇಳಿಸಿ, ಕನ್ನಡಿಯ ಬಟನ್ ಒತ್ತಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಕೆಟ್ಟಿರುವುದು ಒಂದು ಕನ್ನಡಿಯೋ, ಎರಡೂವೋ? ಕೆಟ್ಟ ಕನ್ನಡಿಯಿಂದ ಮೋಟರಿನ ಸದ್ದು ಬರುತ್ತಿದೆಯೋ, ಇಲ್ಲವೋ?

ಎರಡೂ ಒಟ್ಟಿಗೆ ಕೈಕೊಟ್ಟಿದ್ದರೆ ಎರಡಕ್ಕೂ ಸಾಮಾನ್ಯವಾದ ಕಡೆ ನೋಡಬೇಕು: ಫ್ಯೂಸ್, ಸ್ವಿಚ್, ರಿಲೇ (ಬೆರಳಿನ ಬದಲು ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್), ಬಿಸಿಎಂ, ಬ್ಯಾಟರಿ. ಎರಡು ಮೋಟರ್ ಮಾತಾಡಿಕೊಂಡು ಒಂದೇ ದಿನ ಸಾಯುವುದಿಲ್ಲ. ಒಂದೇ ಕೆಟ್ಟಿದ್ದರೆ ಆ ಬಾಗಿಲಿಗೆ ಸೇರಿದ ವೈರ್, ಕನೆಕ್ಟರ್, ಮೋಟರ್, ಗೇರ್. ಸದ್ದು ಇಲ್ಲವೆಂದರೆ ವಿದ್ಯುತ್ ತಲುಪುತ್ತಿಲ್ಲ ಅಥವಾ ಮೋಟರ್ ಸತ್ತಿದೆ. ಸದ್ದಿದ್ದೂ ಚಲನೆ ಇಲ್ಲವೆಂದರೆ ವಿದ್ಯುತ್ತಿನ ಭಾಗವೆಲ್ಲ ಸರಿಯಿದೆ, ಕೆಟ್ಟಿರುವುದು ಹಲ್ಲು ಅಥವಾ ಕ್ಲಚ್.

ಮಡಚುತ್ತದೆ ಆದರೆ ತೆರೆಯುವುದಿಲ್ಲ ಎಂಬ ದೂರು ಸ್ವಲ್ಪ ಸ್ವಾರಸ್ಯದ್ದು. ಸಾಮಾನ್ಯ ರಚನೆಯಲ್ಲಿ ಮಡಚಲು, ತೆರೆಯಲು ಬೇರೆ ಬೇರೆ ವೈರ್ ಇಲ್ಲ. ಇರುವ ಎರಡು ವೈರುಗಳಲ್ಲೇ ಪ್ಲಸ್-ಮೈನಸ್ ಅದಲುಬದಲು ಮಾಡಿದರೆ ಮೋಟರ್ ಹಿಂದುಮುಂದಾಗಿ ತಿರುಗುತ್ತದೆ. ಅಂದಮೇಲೆ ಒಂದು ದಿಕ್ಕಿಗೆ ಸರಿಯಾಗಿ ಓಡುವ ಮೋಟರಿಗೆ ವೈರಿನ ತೊಂದರೆ ಇರುವ ಸಂಭವ ಕಡಿಮೆ. ಅದಲುಬದಲು ಮಾಡುವ ಸ್ವಿಚ್ ಅಥವಾ ರಿಲೇ ಮೇಲೆ, ಇಲ್ಲವೇ ಆ ದಿಕ್ಕಿನಲ್ಲಿ ಅಡ್ಡ ಸಿಕ್ಕಿರುವ ಯಾವುದಾದರೂ ವಸ್ತುವಿನ ಮೇಲೆ ಅನುಮಾನ ಪಡಬೇಕು.

ಎರಡೂ ಮೌನವಾಗಿದ್ದರೆ

ಮೊದಲು ಬ್ಯಾಟರಿ. ಎಂಜಿನ್ ಆಫ್ ಆಗಿ ಕೆಲ ಗಂಟೆ ಕಳೆದ ಮೇಲೆ ಆರೋಗ್ಯವಂತ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ರ ಹತ್ತಿರ ಬಂದರೆ ಅರ್ಧ ಖಾಲಿ. ವೋಲ್ಟೇಜ್ ಕುಸಿದಾಗ ಕೆಲವು ಕಾರುಗಳು ಸ್ಟಾರ್ಟ್ ಆಗಲು ಶಕ್ತಿ ಉಳಿಸಿಕೊಳ್ಳುವುದಕ್ಕಾಗಿ ಸೌಕರ್ಯದ ಕೆಲಸಗಳನ್ನು ತಾವೇ ನಿಲ್ಲಿಸುತ್ತವೆ. ಎಂಜಿನ್ ಓಡುತ್ತಿರುವಾಗ ಬಟನ್ ಒತ್ತಿದರೆ ಮಡಚುತ್ತದೆ, ಆಫ್ ಮಾಡಿ ಲಾಕ್ ಮಾಡಿದಾಗ ಮಡಚುವುದಿಲ್ಲ ಎಂದರೆ ಕನ್ನಡಿಗಿಂತ ಮೊದಲು ಬ್ಯಾಟರಿ ಪರೀಕ್ಷಿಸಿ.

ಆಮೇಲೆ ಫ್ಯೂಸ್. ಪೆಟ್ಟಿಗೆಯ ಮುಚ್ಚಳದ ಒಳಗೋ ಮ್ಯಾನುಯಲ್‌ನಲ್ಲೋ ನಕ್ಷೆ ಇರುತ್ತದೆ. ಅದರಲ್ಲಿ ಕನ್ನಡಿಯ ಚಿತ್ರ ಹುಡುಕಿ. ಒಳಗಿನ ಲೋಹದ ಎಳೆ ತುಂಡಾಗಿದ್ದರೆ ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಬೇಕು. ಬಣ್ಣವೇ ಅದರ ಗುರುತು: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ಕೈಗೆ ಸಿಕ್ಕಿತೆಂದು ಕೆಂಪಿನ ಜಾಗಕ್ಕೆ ಹಳದಿ ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರ್. ಹೊಸ ಫ್ಯೂಸೂ ಕೂಡಲೇ ಹಾರಿದರೆ ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗುತ್ತಿದೆ ಎಂದರ್ಥ. ಮೂರನೆಯದನ್ನು ಹಾಕಿ ನೋಡುವ ಚಪಲ ಬೇಡ.

ಫ್ಯೂಸ್ ಸರಿಯಿದ್ದರೆ, ಅದೇ ಸ್ವಿಚ್ ಗುಂಪಿನಿಂದ ಕನ್ನಡಿಯ ಗಾಜನ್ನು ಮೇಲೆ ಕೆಳಗೆ ಸರಿಸಿ ನೋಡಿ. ಗಾಜು ಸರಿಸುವ ಮೋಟರುಗಳು ಬೇರೆ. ಗಾಜೂ ಕದಲದಿದ್ದರೆ ಇಡೀ ಗುಂಪಿಗೇ ವಿದ್ಯುತ್ ಬರುತ್ತಿಲ್ಲ ಎಂಬ ಸುಳಿವು. ಗಾಜು ಸರಿದು, ಮಡಚುವುದೊಂದೇ ನಿಂತಿದ್ದರೆ ಮಡಚುವ ಸ್ವಿಚ್ ಅಥವಾ ಅದರ ರಿಲೇ. ಬಾಗಿಲ ತೋಳಿನ ಮೇಲಿರುವ ಸ್ವಿಚ್ಚಿಗೆ ಮಳೆನೀರು, ಚೆಲ್ಲಿದ ಸಿಹಿ ಪಾನೀಯ ಇಳಿದರೆ ಒಳಗಿನ ತಾಮ್ರ ಹಸಿರುಗಟ್ಟಿ ಸಂಪರ್ಕ ಕಡಿಯುತ್ತದೆ. ಹತ್ತು ಸಲ ಒತ್ತಿದರೆ ಒಮ್ಮೆ ಕೆಲಸ ಮಾಡುವ ಸ್ವಿಚ್ಚಿನ ರೋಗ ಇದೇ.

ಕಾರ್ ಓಡುತ್ತಿರುವಾಗ ಬಟನ್ ಒತ್ತಿದರೆ ಮಡಚಲಿಲ್ಲ ಎಂದು ಗಾಬರಿಯಾಗಬೇಡಿ. ಒಂದು ವೇಗ ದಾಟಿದ ಮೇಲೆ ಮಡಚಬಾರದೆಂದು ಅನೇಕ ಕಾರುಗಳಲ್ಲಿ ಉದ್ದೇಶಪೂರ್ವಕವಾಗಿಯೇ ತಡೆ ಇಟ್ಟಿರುತ್ತಾರೆ.

ಒಂದೇ ಕನ್ನಡಿ ಮೌನವಾಗಿದ್ದರೆ

ಬಾಗಿಲು ತೆರೆದು ಕೀಲಿನ ಹತ್ತಿರ ಕಣ್ಣು ಹಾಯಿಸಿ. ಕಾರಿನ ಮೈಗೂ ಬಾಗಿಲಿಗೂ ನಡುವೆ ಅಕಾರ್ಡಿಯನ್ನಿನ ಹೊಟ್ಟೆಯಂಥ ನೆರಿಗೆಯಿರುವ ಕಪ್ಪು ರಬ್ಬರ್ ಕೊಳವೆ ಕಾಣುತ್ತದೆ. ಬಾಗಿಲಿಗೆ ಹೋಗುವ ವೈರುಗಳೆಲ್ಲ ಅದರೊಳಗೇ. ಬಾಗಿಲು ತೆರೆದಾಗಲೆಲ್ಲ ಅವು ಬಾಗುತ್ತವೆ, ಮುಚ್ಚಿದಾಗ ಮತ್ತೆ ಬಾಗುತ್ತವೆ. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತ ಮುರಿಯುವುದು ನೋಡಿದ್ದೀರಲ್ಲ, ಇಲ್ಲಿ ಅದೇ ಕೆಲಸ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತಿರುತ್ತದೆ. ಎಲ್ಲರಿಗಿಂತ ಹೆಚ್ಚು ಸಲ ತೆರೆಯುವುದು ಚಾಲಕನ ಬಾಗಿಲು, ಆದ್ದರಿಂದ ಸವೆತವೂ ಅಲ್ಲಿ ಹೆಚ್ಚು.

ಪರೀಕ್ಷೆ ಸುಲಭ. ಒಬ್ಬರು ಬಟನ್ ಒತ್ತುತ್ತಿರಲಿ, ಇನ್ನೊಬ್ಬರು ಬಾಗಿಲನ್ನು ನಿಧಾನ ತೆರೆದು ಮುಚ್ಚುತ್ತ ಆ ಕೊಳವೆಯನ್ನು ಅಲುಗಿಸಲಿ. ಯಾವುದೋ ಒಂದು ಕೋನದಲ್ಲಿ ಕನ್ನಡಿ ಥಟ್ಟನೆ ಜೀವ ಪಡೆದರೆ ಮುರಿದ ವೈರ್ ಅಲ್ಲೇ ಇದೆ. ಅದೇ ಬಾಗಿಲಿನ ಕಿಟಕಿ ಅಥವಾ ಸ್ಪೀಕರ್ ಸಹ ಆಗಾಗ ಕೈಕೊಡುತ್ತಿದ್ದರೆ ಸಂಶಯ ಇನ್ನೂ ಗಟ್ಟಿ. ವೈರ್ ಕೂಡಿಸಿ ಬೆಸುಗೆ ಹಾಕಿದರೆ ಮುಗಿಯುವ ಕೆಲಸ. ಇದಕ್ಕೆ ಕನ್ನಡಿ ಬದಲಿಸಿದರೆ ಹೊಸ ಕನ್ನಡಿಯೂ ಮಡಚುವುದಿಲ್ಲ.

ವೈರ್ ಸರಿಯಿದ್ದರೆ ಮುಂದಿನ ಹೆಜ್ಜೆ ವೋಲ್ಟ್ ಅಳೆಯುವ ಮಲ್ಟಿಮೀಟರ್. ಬಾಗಿಲಿನ ಒಳಹೊದಿಕೆ ಅಥವಾ ಕನ್ನಡಿ ಬುಡದ ತ್ರಿಕೋನದ ಮುಚ್ಚಳ ತೆಗೆದರೆ ಕನೆಕ್ಟರ್ ಸಿಗುತ್ತದೆ. ಬಟನ್ ಒತ್ತಿದಾಗ ಮಡಚುವ ಮೋಟರಿನ ಎರಡು ವೈರುಗಳ ನಡುವೆ ಕೆಲ ಸೆಕೆಂಡ್ ಸುಮಾರು 12 ವೋಲ್ಟ್ ಬಂದು ಹೋಗಬೇಕು, ತೆರೆಯುವಾಗ ಅದೇ ಅಂಕಿ ಮೈನಸ್‌ನಲ್ಲಿ. ವೋಲ್ಟ್ ಬಂದೂ ಮೋಟರ್ ಸುಮ್ಮನಿದ್ದರೆ ಮೋಟರ್ ಸತ್ತಿದೆ ಎನ್ನಬಹುದು. ಬಾರದಿದ್ದರೆ ಮೋಟರ್ ನಿರಪರಾಧಿ. ಕನ್ನಡಿಯೊಳಗೇ ಪುಟ್ಟ ಎಲೆಕ್ಟ್ರಾನಿಕ್ಸ್ ಕೂತು ಸಂಕೇತದ ಭಾಷೆಯಲ್ಲಿ ಮಾತಾಡುವ ಕಾರುಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ.

ಒಳಹೊದಿಕೆ ಕಳಚುವುದನ್ನು ಅಭ್ಯಾಸವಿಲ್ಲದವರು ಮಾಡಬೇಕೆಂದು ನಾನು ಹೇಳಲಾರೆ. ಕ್ಲಿಪ್ ಮುರಿಯುವುದು ಹಾಳಾಗಲಿ, ಕೆಲವು ಕಾರುಗಳ ಬಾಗಿಲೊಳಗೆ ಸೈಡ್ ಏರ್‌ಬ್ಯಾಗಿಗೆ ಸಂಬಂಧಿಸಿದ ಸೆನ್ಸರ್ ಇರುತ್ತದೆ. ಅಲ್ಲಿ ಕೈ ಹಾಕುವ ಮೊದಲು ಬ್ಯಾಟರಿ ಕಳಚುವುದು, ಎಷ್ಟು ಹೊತ್ತು ಕಾಯಬೇಕು ಎಂಬುದೆಲ್ಲ ಗೊತ್ತಿದ್ದವರೇ ಮಾಡಲಿ.

ಸದ್ದಿದೆ, ಕನ್ನಡಿ ಕದಲದು

ಹಿಂದೆ ಹೇಳಿದ ಉಬ್ಬು-ತಗ್ಗಿನ ಬಿಲ್ಲೆ ಇಲ್ಲಿ ಮತ್ತೆ ಬರುತ್ತದೆ.

ಒಂದು ಬೆಳಿಗ್ಗೆ ನನ್ನ ಕಾರಿನ ಎಡ ಕನ್ನಡಿ ಕಟಕಟಕಟ ಎಂದು ಸದ್ದು ಮಾಡುತ್ತ ಮಡಚಲು ಹೆಣಗಿತು. ಮುಟ್ಟಿದರೆ ಬೀಳುವ ಹಲ್ಲಿನಂತೆ ಅಲ್ಲಾಡುತ್ತಿತ್ತು. ರಾತ್ರಿ ಯಾರದೋ ಬೈಕಿನ ಹ್ಯಾಂಡಲ್ ತಾಗಿರಬೇಕು, ಕವಚದ ಅಂಚಿನಲ್ಲಿ ಕಪ್ಪು ಗೀರಿತ್ತು. ತೋರಿಸಿದ ಗ್ಯಾರೇಜಿನಲ್ಲಿ ‘ಗೇರ್ ಹೋಗಿದೆ, ಸೆಟ್ಟೇ ಹಾಕಬೇಕು’ ಎಂದರು. ಮನೆಗೆ ಬಂದು ಮ್ಯಾನುಯಲ್ ತಿರುವಿದೆ. ಅರ್ಧ ಪುಟದ ಒಂದು ಸೂಚನೆ: ಕನ್ನಡಿ ಹೊರಬಲದಿಂದ ಸರಿದಿದ್ದರೆ ಬಟನ್ನಿನಿಂದ ಒಮ್ಮೆ ಪೂರ್ತಿ ಮಡಚಿ, ಪೂರ್ತಿ ತೆರೆಯಿರಿ. ಮೊದಲ ಸಲ ಬರೀ ಕಟಕಟ. ಎರಡನೇ ಸಲವೂ ಅದೇ. ಮೂರನೇ ಸಲ ತೆರೆಯುವಾಗ ಒಳಗಿನಿಂದ ‘ಟಕ್’ ಎಂದು ದಪ್ಪ ಸದ್ದು. ಹಿಡಿದು ಅಲ್ಲಾಡಿಸಿದೆ, ಬಂಡೆಯ ಹಾಗೆ ನಿಂತಿತ್ತು. ಆಮೇಲೆ ಅದು ತಕರಾರು ಮಾಡಿಲ್ಲ.

ಆದದ್ದಿಷ್ಟೇ. ಹ್ಯಾಂಡಲ್ ತಾಗಿದಾಗ ಉಬ್ಬು ತಗ್ಗಿನಿಂದ ಹೊರಬಂದಿತ್ತು. ಸೈಕಲ್ ಚೈನ್ ಕಳಚಿದಾಗ ಪೆಡಲ್ ತುಳಿದರೂ ಚಕ್ರ ತಿರುಗುವುದಿಲ್ಲವಲ್ಲ, ಹಾಗೆ. ಬಟನ್ ಒತ್ತಿದಾಗ ಮೋಟರ್ ಬಿಲ್ಲೆಯನ್ನು ಸುತ್ತುತ್ತ ಹೋಗುತ್ತದೆ, ಉಬ್ಬಿಗೆ ತನ್ನ ತಗ್ಗು ಸಿಕ್ಕಾಗ ಸ್ಪ್ರಿಂಗ್ ಅದನ್ನು ಒಳಕ್ಕೆ ಒತ್ತುತ್ತದೆ. ಆ ‘ಟಕ್’ ಅದೇ. ಇದು ಹೆದರುವ ಸದ್ದಲ್ಲ, ಕಾಯಬೇಕಾದ ಸದ್ದು. ಕನ್ನಡಿಯನ್ನು ಆಗಾಗ ಕೈಯಿಂದ ಮಡಚುವವರಿಗೆ, ಕಾರ್ ತೊಳೆಯಲು ಬೇರೆಯವರಿಗೆ ಕೊಡುವವರಿಗೆ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ. ಮುಂದಕ್ಕೆ ಬಾಗಿದ ಕನ್ನಡಿಯಾದರೆ ಮೊದಲು ನಿಧಾನವಾಗಿ ಅದರ ಸಹಜ ಸ್ಥಾನದ ಹತ್ತಿರ ತಂದು, ಆಮೇಲೆ ಬಟನ್ ಬಳಸಿ.

ನಾಲ್ಕೈದು ಸಲ ಮಾಡಿದರೂ ‘ಟಕ್’ ಬಾರದೆ ಕಟಕಟವೇ ಮುಂದುವರಿದರೆ, ಆಗ ಗೇರಿನ ಹಲ್ಲು ನಿಜವಾಗಿಯೂ ಸವೆದಿದೆ ಅಥವಾ ಮುರಿದಿದೆ. ಹಲ್ಲು ಮುರಿದಾಗ ಸಾಮಾನ್ಯವಾಗಿ ಕನ್ನಡಿ ಒಂದು ನಿರ್ದಿಷ್ಟ ಜಾಗದವರೆಗೆ ಬಂದು ಅಲ್ಲೇ ಜಾರುತ್ತದೆ, ಪ್ರತಿ ಸಲವೂ ಅದೇ ಜಾಗದಲ್ಲಿ. ಕಟಕಟವೂ ಇಲ್ಲದೆ ನುಣ್ಣಗಿನ ಗುಂಯ್ ಮಾತ್ರ ಬಂದರೆ ಮೋಟರಿಗೂ ಗೇರಿಗೂ ಸಂಬಂಧವೇ ತಪ್ಪಿದೆ.

ಅರ್ಧಕ್ಕೆ ನಿಂತರೆ

ಬೇರೆ ಕಾರಣ ಹುಡುಕುವ ಮೊದಲು ತೊಳೆಯಿರಿ. ಕನ್ನಡಿಯ ಬುಡ ಮತ್ತು ಬಾಗಿಲಿನ ನಡುವಿನ ಸಂದಿಯಲ್ಲಿ ಧೂಳು, ಮಣ್ಣು, ಒಣಗಿದ ಎಲೆಯ ಚೂರು ಸೇರಿ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ. ನೀರು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಸ್ವಲ್ಪವೇ ಹೊಡೆದು ಕೆಲವು ಸಲ ಮಡಚಿ ತೆರೆಯಿರಿ. ಎಂಜಿನ್ ಆಯಿಲ್, ದಪ್ಪ ಗ್ರೀಸ್ ಬೇಡ. ಅವು ಧೂಳನ್ನು ಕರೆದು ಕೂರಿಸಿಕೊಳ್ಳುತ್ತವೆ, ಕೆಲವು ಪ್ಲಾಸ್ಟಿಕ್ ಮತ್ತು ರಬ್ಬರಿಗೂ ಒಳ್ಳೆಯದಲ್ಲ.

ಹಿಮ ಬೀಳುವ ಕಡೆ ಬೆಳಿಗ್ಗೆ ಕನ್ನಡಿ ತೆರೆಯದಿದ್ದರೆ ಕೀಲಿನಲ್ಲಿ ನೀರು ಹೆಪ್ಪುಗಟ್ಟಿರುತ್ತದೆ. ಬಟನ್ ಒತ್ತುತ್ತಲೇ ಇರುವುದು ಮೋಟರಿಗೆ ಶಿಕ್ಷೆ. ಕುದಿಯುವ ನೀರು ಸುರಿದರೆ ಗಾಜು ಸೀಳಬಹುದು. ಕಾರ್ ಬೆಚ್ಚಗಾಗುವವರೆಗೆ ಕಾಯುವುದೇ ದಾರಿ. ಅಂಥ ಕಡೆ ಇರುವವರು ಚಳಿಗಾಲದಲ್ಲಿ ಆಟೋ ಫೋಲ್ಡ್ ಆಫ್ ಮಾಡಿಡುವುದೂ ಉಂಟು.

ಹೊರಗೆ ಹಾಕಿಸಿದ ಆಟೋ ಫೋಲ್ಡ್

ಕಂಪನಿಯಿಂದ ಬಾರದ ಈ ಸೌಲಭ್ಯವನ್ನು ಪುಟ್ಟ ಮಾಡ್ಯೂಲ್ ಒಂದರಿಂದ ಆಮೇಲೆ ಸೇರಿಸಿಕೊಂಡವರ ಲೆಕ್ಕ ಬೇರೆ. ಆ ಪೆಟ್ಟಿಗೆ ಬಾಗಿಲ ಲಾಕ್ ಮೋಟರಿನ ವೈರಿಗೆ ಕಿವಿಯಾನಿಸಿಕೊಂಡಿರುತ್ತದೆ. ಲಾಕ್ ಸಂಕೇತ ಹೋದ ಕೂಡಲೇ ಕನ್ನಡಿಯ ಮೋಟರಿಗೆ ತಾನೇ ವಿದ್ಯುತ್ ಕೊಡುತ್ತದೆ. ಇಂಥ ಕಾರಿನಲ್ಲಿ ಬಟನ್‌ಗೆ ಮಡಚಿ ಲಾಕ್‌ಗೆ ಮಡಚದಿದ್ದರೆ ಮೊದಲ ಅನುಮಾನ ಆ ಮಾಡ್ಯೂಲಿನ ಮೇಲೆ, ಅದರಲ್ಲೂ ವೈರ್ ಸುಲಿದು ಟೇಪ್ ಸುತ್ತಿದ ಜಾಗಗಳ ಮೇಲೆ. ಅದನ್ನು ಕಳಚಿ ಮೂಲ ಕನೆಕ್ಟರ್ ನೇರ ಜೋಡಿಸಿದಾಗ ಬಟನ್ ಮಾಮೂಲಾಗಿ ಕೆಲಸ ಮಾಡಿದರೆ ಕಾರು ಸರಿಯಿದೆ.

ಗ್ಯಾರೇಜಿಗೆ ಹೋಗುವಾಗ

‘ಕನ್ನಡಿ ಮಡಚುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಎಡಗಡೆಯದು ಮಾತ್ರ, ಬಟನ್‌ಗೂ ಮಡಚುವುದಿಲ್ಲ, ಮೋಟರ್ ಸದ್ದಿಲ್ಲ, ಗಾಜು ಸರಿಯುತ್ತದೆ, ಫ್ಯೂಸ್ ನೋಡಿದ್ದೇನೆ’ ಎಂದರೆ ಎದುರಿನವರು ಅರ್ಧ ಕೆಲಸ ಮುಗಿದಂತೆ ನೇರ ವೈರಿಗೋ ಮೋಟರಿಗೋ ಕೈ ಹಾಕುತ್ತಾರೆ. ಸದ್ದಿನ ವಿಡಿಯೊ ಮೊಬೈಲಿನಲ್ಲಿದ್ದರೆ ಇನ್ನೂ ವಾಸಿ, ಏಕೆಂದರೆ ಬಿಟ್ಟು ಬಿಟ್ಟು ಬರುವ ತೊಂದರೆಗಳು ಗ್ಯಾರೇಜಿನ ಬಾಗಿಲಲ್ಲಿ ಮಾಯವಾಗುವುದರಲ್ಲಿ ನಿಸ್ಸೀಮ.

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಕೇತಗಳನ್ನು, ಅಂದರೆ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿ ‘ಯಾವ ಕೋಡೂ ಇಲ್ಲ’ ಎಂದರೆ ಯಾವ ಸ್ಕ್ಯಾನರ್ ಎಂದು ಕೇಳಿ. ಸಾಧಾರಣ ಸ್ಕ್ಯಾನರ್‌ಗಳು ‘ಪಿ’ಯಿಂದ ಶುರುವಾಗುವ ಎಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ಕನ್ನಡಿಯ ದೋಷ ದಾಖಲಾಗಿದ್ದರೆ ಅದು ‘ಬಿ’ ಅಕ್ಷರದ ಬಾಡಿ ಕೋಡಾಗಿಯೋ, ಮಾಡ್ಯೂಲುಗಳ ನಡುವಿನ ಮಾತು ಕಡಿದಿದ್ದರೆ ‘ಯು’ ಅಕ್ಷರದ್ದಾಗಿಯೋ ಇರುತ್ತದೆ.

ಮೋಟರೇ ಹೋಗಿದೆ ಎಂದು ಖಚಿತವಾದರೆ ಕೇಳಬೇಕಾದ ಪ್ರಶ್ನೆ: ಮಡಚುವ ಮೋಟರ್-ಗೇರಿನ ಘಟಕ ಮಾತ್ರ ಬಿಡಿಯಾಗಿ ಸಿಗುತ್ತದೆಯೇ? ಕೆಲವು ಮಾದರಿಗಳಿಗೆ ಸಿಗುತ್ತದೆ. ಆಗ ಗಾಜು, ಕವಚ, ಇಂಡಿಕೇಟರ್ ಎಲ್ಲ ಹಳೆಯವೇ ಉಳಿಯುತ್ತವೆ. ಪೂರ್ತಿ ಸೆಟ್ ಬದಲಿಸಲೇಬೇಕಾದರೆ, ಕನ್ನಡಿಯ ಕೆಳಗೆ 360 ಡಿಗ್ರಿ ಕ್ಯಾಮೆರಾ ಇದೆಯೇ ನೋಡಿ. ಇದ್ದರೆ ಹೊಸದನ್ನು ಕೂರಿಸಿದ ಮೇಲೆ ಕ್ಯಾಮೆರಾ ಹೊಂದಿಸಬೇಕಾಗಬಹುದು. ಹೊಂದಿಸದಿದ್ದರೆ ಪರದೆಯ ಮೇಲೆ ರಸ್ತೆಯ ಗೆರೆಗಳು ಒಂದಕ್ಕೊಂದು ಕೂಡದೆ ಮುರಿದಂತೆ ಕಾಣುತ್ತವೆ.

ರಿಪೇರಿ ಆಗುವವರೆಗೆ ಆಟೋ ಫೋಲ್ಡ್ ಆಫ್ ಮಾಡಿಡಿ. ಆನ್ ಇದ್ದರೆ ದಿನಕ್ಕೆ ನಾಲ್ಕು ಸಲ ಲಾಕ್ ಮಾಡಿದಾಗ ನಾಲ್ಕು ಸಲವೂ ಮುರಿದ ಹಲ್ಲಿನ ಮೇಲೆ ಮೋಟರ್ ಜಗ್ಗುತ್ತದೆ, ಉಳಿದ ಹಲ್ಲುಗಳೂ ಹೋಗುತ್ತವೆ. ಮಡಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಕವಚದ ಹೊರ ಅಂಚನ್ನು ಅಂಗೈಯಲ್ಲಿ ಹಿಡಿದು, ಗಾಜಿಗೆ ಬೆರಳು ಒತ್ತದೆ, ಒಂದೇ ಸಮನಾದ ಬಲದಿಂದ ಹೊರಕ್ಕೆ ತನ್ನಿ. ತೆರೆದ ಮೇಲೆ ಅಲ್ಲಾಡಿಸಿ ನೋಡಿ. ಸಡಿಲವಾಗಿ ಓಲಾಡುವ ಕನ್ನಡಿ ನಿಂತಾಗ ಸರಿಯಾಗಿಯೇ ತೋರಿಸುತ್ತದೆ; ವೇಗ ಹೆಚ್ಚಿದಂತೆ ಗಾಳಿಗೆ ಮೆಲ್ಲನೆ ಹಿಂದಕ್ಕೆ ಸರಿದು, ಲೇನ್ ಬದಲಿಸಲು ನೋಡಿದಾಗ ಹಿಂದಿನ ವಾಹನದ ಬದಲು ನಿಮ್ಮದೇ ಬಾಗಿಲನ್ನು ತೋರಿಸುತ್ತಿರುತ್ತದೆ. ಅಂಥ ಕನ್ನಡಿಯೊಂದಿಗೆ ಹೆದ್ದಾರಿಗೆ ಇಳಿಯಬೇಡಿ.